ಶೀತ-ಜ್ವರದಲ್ಲಿ ಜೋರಾಗುವ ಕಿವಿಮೊರೆತ

ಸಾಗರದ ಓದುಗರಿಗೆ,

ಮೂರು ವರ್ಷದಿಂದ ಎಡಗಿವಿಯಲ್ಲಿ ಜೀರುಂಡೆ ಕೂಗಿದಂಥ ಸದ್ದು, ಹಗಲು ಕೆಲಸದ ನಡುವೆ ಅದರ ನೆನಪೂ ಬರುವುದಿಲ್ಲ. ಆದರೆ ನೆಗಡಿ-ಜ್ವರ ಬಂದರೆ ಸಾಕು, ಎರಡು ಪಟ್ಟು ಜೋರಾಗುತ್ತದೆ, ಈ ಸಲ ಕಿವಿಯೂ ಕಟ್ಟಿಕೊಂಡು ನಾಲ್ಕು ರಾತ್ರಿ ನಿದ್ದೆಯಿಲ್ಲ ಎಂದು ಬರೆದಿದ್ದೀರಿ. ಇದು ಹೀಗೇ ಉಳಿದುಬಿಟ್ಟರೆ ಎಂಬ ಭಯ ನಿಮ್ಮದು. ಬೆಳ್ಳುಳ್ಳಿ ಎಣ್ಣೆ ಬಿಡಬಹುದೇ ಎಂದೂ ಕೇಳಿದ್ದೀರಿ.

ಹೆಚ್ಚಿನವರಲ್ಲಿ ಉಳಿಯುವುದಿಲ್ಲ. ಶೀತ ಇಳಿದು ಕಿವಿ ಬಿಟ್ಟುಕೊಂಡ ಮೇಲೆ ಸದ್ದು ಮೊದಲಿನ ಮಟ್ಟಕ್ಕೆ ಬರುತ್ತದೆ. ಆದರೆ ಹಾಗೆಂದು ಸುಮ್ಮನಿರುವ ಮುಂಚೆ ಒಂದು ವಿಷಯ ಖಚಿತವಾಗಬೇಕು: ಕಿವಿ ಕಟ್ಟಿರುವುದು ಬರೀ ಶೀತದಿಂದಲೋ, ಒಳಕಿವಿಯ ತೊಂದರೆಯಿಂದಲೋ. ಪತ್ರ ಕೈಸೇರಿದ ದಿನವೇ ನಿಮಗೆ ಫೋನಿನಲ್ಲಿ ಹೇಳಿದ್ದನ್ನು ಉಳಿದ ಓದುಗರಿಗಾಗಿ ಮತ್ತೆ ಬರೆಯುತ್ತಿದ್ದೇವೆ, ಏಕೆಂದರೆ ಇದರಲ್ಲಿ ತಡವಾದರೆ ನಷ್ಟ.

ಬಾಯಿ ಮುಚ್ಚಿ ಕೆಳದನಿಯಲ್ಲಿ 'ಮ್‌ಮ್‌' ಎಂದು ಗುನುಗಿ. ಆ ದನಿ ಕಟ್ಟಿದ ಕಿವಿಯಲ್ಲೇ ಹೆಚ್ಚು ಕೇಳಿದರೆ ಅಡ್ಡಿ ಇರುವುದು ಬಹುಶಃ ಹೊರಗಿವಿಯಲ್ಲೋ ನಡುಕಿವಿಯಲ್ಲೋ: ಗುಗ್ಗೆ, ಕಫ, ನೀರು. (ಬೆರಳಿಂದ ಒಂದು ಕಿವಿ ಮುಚ್ಚಿಕೊಂಡು ಗುನುಗಿ ನೋಡಿ, ಮುಚ್ಚಿದ ಕಡೆಗೇ ದನಿ ವಾಲುತ್ತದೆ.) ದನಿ ಚೆನ್ನಾಗಿರುವ ಕಿವಿಗೆ ಸರಿದರೆ ಒಳಕಿವಿಯ ಅಥವಾ ನರದ ತೊಂದರೆ ಎಂದು ಅನುಮಾನಿಸಬೇಕು. ಡಾಕ್ಟರು 512 ಹರ್ಟ್ಜ್‌ನ ಟ್ಯೂನಿಂಗ್ ಫೋರ್ಕನ್ನು ಹಣೆಗೆ ಹಿಡಿದು ನೋಡುವುದೂ ಇದನ್ನೇ. ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರೆ, ಗುನುಗಿದಾಗ ಏನೇ ಕೇಳಲಿ, ಅಂದೇ ಇಎನ್‌ಟಿ ಡಾಕ್ಟರಲ್ಲಿಗೆ ಹೋಗಿ. ಒಳಕಿವಿಯದಾದರೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಶುರುವಾಗಬೇಕು. ಎರಡು ವಾರ ದಾಟಿದರೆ ಫಲ ತೀರಾ ಕಡಿಮೆ. 'ಶೀತದಿಂದ ಕಟ್ಟಿದೆ, ಬಿಡುತ್ತದೆ' ಎಂದು ಕಾಯುತ್ತ ಕಿವಿ ಕಳೆದುಕೊಳ್ಳುವವರಿದ್ದಾರೆ.

ಶೀತದಲ್ಲಿ ಸದ್ದು ಏಕೆ ಏರುತ್ತದೆ? ಮೂಗಿನ ಹಿಂಭಾಗದಿಂದ ನಡುಕಿವಿಗೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಯುಸ್ಟೇಷಿಯನ್ ನಾಳವಿದೆ. ಆಕಳಿಸಿದಾಗ, ಎಂಜಲು ನುಂಗಿದಾಗ ಅದು ತೆರೆದು ಗಾಳಿ ಒಳಗೆ ಹೋಗುತ್ತದೆ. ಶೀತದಲ್ಲಿ ಅದರ ಒಳಪೊರೆ ಊದಿಕೊಂಡು ದಾರಿ ಮುಚ್ಚುತ್ತದೆ. ಒಳಗೆ ಉಳಿದ ಗಾಳಿ ಇಂಗಿ, ಕಿವಿತಮಟೆ ಒಳಕ್ಕೆ ಸೆಳೆದು, ಹೊರಗಿನ ಸದ್ದು ಮಂಕಾಗುತ್ತದೆ. ಜೀರುಂಡೆಯನ್ನು ಮರೆಸುತ್ತಿದ್ದ ಫ್ಯಾನು, ಮಾತು, ಬೀದಿಯ ಗದ್ದಲ ಕುಗ್ಗಿದ ಮೇಲೆ ಅದೊಂದೇ ಉಳಿಯುತ್ತದೆ. ಮೇಲೆ ಜ್ವರ, ನಿದ್ದೆಗೇಡು, ದಿನವಿಡೀ ಮೌನದಲ್ಲಿ ಮಲಗಿರುವುದು.

ಇನ್ನು ಮಾತ್ರೆ. ಸ್ಟ್ರಿಪ್ಪಿನ ಹಿಂಭಾಗ ಓದಿ. ಹೆಚ್ಚು ಪ್ರಮಾಣದ ಆಸ್ಪಿರಿನ್ ತಾನೇ ಕಿವಿಮೊರೆತ ತರುತ್ತದೆ, ಬಿಟ್ಟರೆ ಇಳಿಯುತ್ತದೆ. ಐಬುಪ್ರೊಫೇನ್‌ನಿಂದಲೂ ಕೆಲವರಿಗೆ ಹೀಗಾಗುತ್ತದೆ, ಅದು ಪ್ಯಾರಾಸಿಟಮಾಲ್ ಜೊತೆ ಒಂದೇ ಮಾತ್ರೆಯಲ್ಲಿ ಸೇರಿರುವುದುಂಟು. ಡೆಂಗಿ ಅನುಮಾನವಿದ್ದರೆ ರಕ್ತಸ್ರಾವದ ಅಪಾಯಕ್ಕಾಗಿ ಆಸ್ಪಿರಿನ್, ಐಬುಪ್ರೊಫೇನ್ ಎರಡೂ ಬೇಡವೇ ಬೇಡ. ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ, ಆರು ಗಂಟೆಯ ಅಂತರದಲ್ಲಿ, ಸಾಕು. ಲಿವರ್ ತೊಂದರೆಯಿದ್ದವರು ಕೇಳಿ ತೆಗೆದುಕೊಳ್ಳಬೇಕು. ಹೃದಯಕ್ಕೆಂದು ಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್‌ಗಳು ಒಳಕಿವಿಗೆ ಶಾಶ್ವತ ಹಾನಿ ಮಾಡಬಲ್ಲವು. ಆಸ್ಪತ್ರೆಗೆ ಸೇರಿದರೆ ಕಿವಿಯ ವಿಷಯ ಮೊದಲೇ ಹೇಳಿ.

ಮೂಗು ತೊಳೆಯಲು: ಕುದಿಸಿ ಆರಿಸಿದ 240 ಮಿಲಿಲೀಟರ್ ನೀರು, ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಉಪ್ಪು ಕಡಿಮೆಯಾದರೆ ಮೂಗು ಉರಿಯುತ್ತದೆ. ಬಾಯಲ್ಲಿ ಉಸಿರಾಡುತ್ತ, ತಲೆ ಓರೆ ಮಾಡಿ, ಮೆಲ್ಲಗೆ ಬಿಡಿ. ಕಿವಿ ಪೂರ್ತಿ ಕಟ್ಟಿದ್ದರೆ ಅಥವಾ ನೋಯುತ್ತಿದ್ದರೆ ಇದು ಬೇಡ. ಮೂಗು ಸೀಟುವಾಗ ಒಂದೊಂದೇ ಹೊಳ್ಳೆ, ಮೆತ್ತಗೆ; ಎರಡೂ ಹಿಡಿದು ರಭಸದಿಂದ ಸೀಟಿದರೆ ಕಫ ನಡುಕಿವಿಗೆ ನುಗ್ಗುತ್ತದೆ. ಕ್ಸೈಲೊಮೆಟಾಜೊಲಿನ್‌ನಂಥ ಮೂಗಿನ ಡ್ರಾಪ್ಸ್ ಮೂರರಿಂದ ಐದು ದಿನ ಮಾತ್ರ. ಮುಂದುವರಿಸಿದರೆ ಡ್ರಾಪ್ಸ್‌ನಿಂದಲೇ ಮೂಗು ಕಟ್ಟಲು ಶುರುವಾಗುತ್ತದೆ.

ಬೆಳ್ಳುಳ್ಳಿ ಎಣ್ಣೆ ಬೇಡ. ಅಡ್ಡಿಯಿರುವುದು ತಮಟೆಯ ಆಚೆ, ಎಣ್ಣೆ ನಿಲ್ಲುವುದು ಈಚೆ. ತಮಟೆಯಲ್ಲಿ ತೂತಿದ್ದರಂತೂ ಒಳಗಿಳಿದು ಸೋಂಕಾಗುತ್ತದೆ.

ರಾತ್ರಿ ಕೋಣೆಯನ್ನು ನಿಶ್ಶಬ್ದ ಮಾಡಬೇಡಿ, ಹತ್ತಿಯನ್ನೂ ತುರುಕಬೇಡಿ. ಫ್ಯಾನಿನ ಅಥವಾ ಮೊಬೈಲಿನಲ್ಲಿ ಮಳೆಯ ಸದ್ದು ಇಟ್ಟುಕೊಳ್ಳಿ, ಕಿವಿಯೊಳಗಿನದಕ್ಕಿಂತ ತುಸು ಕೆಳಗೆ. ಎರಡೂ ಒಟ್ಟಿಗೆ ಕೇಳಬೇಕು. ಮುಳುಗಿಸುವಷ್ಟು ಏರಿಸಿದರೆ ಮಿದುಳು ಜೀರುಂಡೆಗೆ ಒಗ್ಗಿಕೊಳ್ಳುವುದಿಲ್ಲ. ಇಯರ್‌ಫೋನ್ ಬೇಡ, ಮೊಬೈಲ್ ಮಂಚದಿಂದ ಒಂದು ಮಾರು ದೂರವಿರಲಿ. ದಿಂಬು ಎರಡಿದ್ದರೆ ಮೂಗೂ ತುಸು ಬಿಡುತ್ತದೆ.

ಶೀತ ಹೋದ ಮೇಲೂ ನಡುಕಿವಿಯ ನೀರು ಕೆಲವು ವಾರ ನಿಲ್ಲುವುದುಂಟು. ಮೂರು ವಾರವಾದರೂ ಕಿವಿ ಬಿಡದಿದ್ದರೆ ಟಿಂಪನೋಮೆಟ್ರಿ (ಕಿವಿತಮಟೆಯ ಅಲುಗಾಟ ನೋಡುವ ಪರೀಕ್ಷೆ), ಆಡಿಯೋಗ್ರಾಮ್ (ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ) ಎರಡನ್ನೂ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಆಗುತ್ತದೆ. ಸದ್ದು ನಾಡಿಯ ಬಡಿತಕ್ಕೆ ತಾಳ ಹಾಕಿದಂತೆ ಕೇಳಿದರೆ, ಕಿವಿ ಸೋರಿದರೆ, ತಲೆಸುತ್ತು ಬಂದರೆ, ಮುಖ ಒಂದು ಕಡೆ ವಾಲಿದರೆ ಮೂರು ವಾರದ ಲೆಕ್ಕ ಹಿಡಿಯದೆ ಕೂಡಲೇ ತೋರಿಸಿ.

— ಸಂಪಾದಕರು