ಬರೆ ಕಡಿದು ಕಟ್ಟಿದ ಮನೆಗೆ ಇನ್ಶೂರೆನ್ಸ್ ಸಿಗುತ್ತಾ?

ಅಣ್ಣ, ನಿಮ್ಮ ಪ್ರಶ್ನೆ ನೋಡಿದೆ. ಕೊಡಗಿನ ಮಾದಾಪುರದ ಹತ್ತಿರ ತೋಟದೊಳಗೆ ಮನೆ, ಪಕ್ಕದಲ್ಲೇ ಎರಡು ರೂಮಿನ ಹೋಂಸ್ಟೇ. ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಮಣ್ಣಿನ ಇಳಿಜಾರನ್ನು, ಜೆಸಿಬಿಯಲ್ಲಿ ಕಡಿಸಿ ಜಾಗ ಸಮ ಮಾಡಿಸಿದ್ದೀರಿ. "ಭೂಕುಸಿತ ಎಲ್ಲಾ ಪಾಲಿಸಿಯಲ್ಲೇ ಸೇರಿದೆ" ಅಂತ ಏಜೆಂಟ್ ಹೇಳಿದ್ದನ್ನು ನಂಬಬಹುದಾ ಎಂದು ಕೇಳಿದ್ದೀರಿ. ಅವರು ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದಾರೆ, ಅಷ್ಟೇ.

2021ರ ಏಪ್ರಿಲ್ 1ರಿಂದ ವಾಸದ ಮನೆಗೆ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿ ಇದೆ. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ಷರತ್ತು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಕಾಡ್ಗಿಚ್ಚು ಎಲ್ಲಾ ಅದರಲ್ಲಿದೆ. ಆದರೆ ಭೂಕುಸಿತದ ಸಾಲಿನ ಎದುರಿಗೇ 'ಇದಕ್ಕೆ ಕೊಡುವುದಿಲ್ಲ' ಎಂಬ ಪಟ್ಟಿಯೂ ಇದೆ. ಕಟ್ಟಡದ ಕೆಲಸದಿಂದ ಅಥವಾ ಮಣ್ಣು ಅಗೆದದ್ದರಿಂದ ಕುಸಿದರೆ ಇಲ್ಲ. ಮಣ್ಣು ತುಂಬಿಸಿ ಮಾಡಿದ ಜಾಗ ಕೂತರೆ ಇಲ್ಲ. ವಿನ್ಯಾಸ ಅಥವಾ ಕೆಲಸ ಸರಿ ಇಲ್ಲದೆ ಬಿದ್ದರೂ ಇಲ್ಲ. ಹೊಳೆ ದಡ ಕೊರೆದರೂ ಇಲ್ಲ. ನಮ್ಮ ಕೊಡಗಿನಲ್ಲಿ ಈಚೆಗೆ ಕಟ್ಟಿದ ಎಷ್ಟು ಮನೆಗಳಿಗೆ ಇದರಲ್ಲಿ ಒಂದಾದರೂ ತಾಗುವುದಿಲ್ಲ, ಹೇಳಿ? ಒಂದು ಕಡೆ ಕಡಿಯುವುದು, ಅದೇ ಮಣ್ಣನ್ನು ಇನ್ನೊಂದು ಕಡೆ ತುಂಬಿಸುವುದು. ಅಂಗಳ ಮಾಡುವ ರೀತಿಯೇ ಅದು.

ನಮ್ಮ ಮನೆಯಲ್ಲೇ ಪಾಠ ಆಗಿದೆ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ದೊಡ್ಡಪ್ಪನ ಎರಡು ಲೈನ್ ಮನೆಗಳು (ತೋಟದ ಕೆಲಸದವರ ಮನೆಗಳು) ಹೋದವು. ಆಗಿನ ಫೈರ್ ಪಾಲಿಸಿಯಲ್ಲೂ ಇದೇ ಥರದ ಷರತ್ತು ಇತ್ತು. ನಷ್ಟ ಲೆಕ್ಕ ಹಾಕಲು ವಿಮಾ ಕಂಪನಿಯ ಕಡೆಯಿಂದ ಸರ್ವೇಯರ್ ಬಂದವರು ಬಿದ್ದ ಗೋಡೆಯನ್ನು ಸರಿಯಾಗಿ ನೋಡಲೇ ಇಲ್ಲ, ನೇರ ಹಿಂದಿನ ಬರೆಗೆ ಹೋದರು. "ಇದನ್ನು ಯಾವಾಗ ಕಡಿಸಿದ್ದು?" ಅದೇ ಮೊದಲ ಪ್ರಶ್ನೆ. ದೊಡ್ಡಪ್ಪ ಪಾಪ, ಹೋದ ವರ್ಷ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಮನೆಗೆ ಒಂದು ರೂಪಾಯಿ ಬರಲಿಲ್ಲ. ಇನ್ನೊಂದು ಮನೆಯ ಹಿಂದೆ ಯಾರೂ ಕೈ ಹಾಕಿರಲಿಲ್ಲ, ಹಳೇ ಮರಗಳೂ ಹಾಗೇ ಇದ್ದವು. ಅದಕ್ಕೆ ದುಡ್ಡು ಬಂತು.

ಹಾಗಾಗಿ ನೀವು ಈಗಲೇ ಮಾಡಬೇಕಾದದ್ದು, ಬರೆಯ ವಿಷಯ ಮುಚ್ಚಿಡದೆ ಅರ್ಜಿಯಲ್ಲೇ ಬರೆಯಿರಿ. ಎಷ್ಟು ಎತ್ತರ ಕಡಿದಿದ್ದೀರಿ, ಯಾವ ತಿಂಗಳು, ತಡೆಗೋಡೆ ಇದೆಯಾ, ನೀರು ಹೊರಹೋಗಲು ಗೋಡೆಯಲ್ಲಿ ಪೈಪ್ ಬಿಟ್ಟಿದ್ದೀರಾ, ಎಲ್ಲಾ. ಕಂಪನಿಯವರನ್ನೇ ಬಂದು ನೋಡಿ ಎಂದು ಪತ್ರ ಹಾಕಿ. ಇದಕ್ಕೆ ಕಾರಣ ಇದೆ. ನೆಲಮಾಳಿಗೆಯಲ್ಲಿದ್ದ ಒಂದು ಅಂಗಡಿಗೆ ಪಾಲಿಸಿ ಕೊಟ್ಟು, ಬೆಂಕಿ ಬಿದ್ದ ಮೇಲೆ 'ನೆಲಮಾಳಿಗೆಗೆ ಅನ್ವಯಿಸುವುದಿಲ್ಲ' ಎಂದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಅಂಗಡಿಯವರ ಪರ ತೀರ್ಪು ಕೊಟ್ಟಿತು. ಜಾಗ ನೋಡಿ, ಪ್ರೀಮಿಯಂ ತೆಗೆದುಕೊಂಡು, ಆಮೇಲೆ ಆ ಷರತ್ತು ತೋರಿಸಿದ್ದು ಕೋರ್ಟಿಗೆ ಹಿಡಿಸಲಿಲ್ಲ. ನಿಮ್ಮ ಬರೆಗೂ ಹಾಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನೋಡಿದ್ದಾರೆ ಎಂಬ ದಾಖಲೆ ಕೈಯಲ್ಲಿದ್ದರೆ ಮಾತಾಡಲು ಒಂದು ನೆಲೆ ಸಿಗುತ್ತದೆ, ಅಲ್ವಾ?

ಹೋಂಸ್ಟೇಯನ್ನು ಮನೆಯ ಪಾಲಿಸಿಯಲ್ಲಿ ತೂರಿಸಬೇಡಿ. ಗೃಹ ರಕ್ಷಾ ಇರುವುದು ವಾಸಕ್ಕೆ. ವ್ಯಾಪಾರಕ್ಕೆ 5 ಕೋಟಿವರೆಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಬೇರೆಯೇ ಇದೆ. ಜಾಗದ ವಿಷಯವೂ ಹಾಗೇ. ತೋಟದಲ್ಲಿ ಸ್ವಂತಕ್ಕೆ ಫಾರ್ಮ್ ಹೌಸ್ ಕಟ್ಟಲು ಭೂ ಕಂದಾಯ ಕಾಯ್ದೆಯಲ್ಲಿ ಅವಕಾಶ ಇದೆ, ಅದನ್ನು ವ್ಯಾಪಾರಕ್ಕೆ ಬಾಡಿಗೆ ಕೊಡಲು ಇಲ್ಲ. ಭೂ ಪರಿವರ್ತನೆ (ಕೃಷಿ ಜಾಗವನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಆಗಿಲ್ಲದಿದ್ದರೆ ಮೊದಲು ಅದನ್ನು ನೋಡಿ. ಕಾಗದ ಇಲ್ಲದೆ ಕಟ್ಟಿ ಆಮೇಲೆ ಸರಿಮಾಡಿಸುವ ಕಾಲ ಹೋಯಿತು. ಮೀರತ್‌ನ ಅಕ್ರಮ ಕಟ್ಟಡದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು, ಕಟ್ಟಡ ಪೂರ್ಣಗೊಂಡ ಸರ್ಟಿಫಿಕೇಟ್ ಇಲ್ಲದೆ ಕರೆಂಟ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದಿದೆ.

ವಿಮೆಯ ಮೊತ್ತ ಹಾಕುವಾಗ ಜಾಗದ ಬೆಲೆ ಸೇರಿಸಬೇಡಿ. ಮತ್ತೆ ಕಟ್ಟಲು ಆಗುವ ಖರ್ಚು ಮಾತ್ರ. ಕಟ್ಟಡಕ್ಕೆ 30 ಲಕ್ಷ ಹಾಕಿದರೆ ಒಳಗಿನ ಸಾಮಾನಿಗೆ ಅದರ ಶೇ. 20, ಅಂದರೆ 6 ಲಕ್ಷ, ತಾನಾಗೇ ಸೇರುತ್ತದೆ. ಗರಿಷ್ಠ 10 ಲಕ್ಷ. ವಿಮೆಗೆ ಜಿಎಸ್‌ಟಿ ಹೋಯಿತಂತೆ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ಬರೆದಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಹೋದದ್ದು ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ. ಮನೆ ವಿಮೆಗೆ ಶೇ. 18 ಹಾಗೇ ಇದೆ. ಸಿಮೆಂಟ್ ಮಾತ್ರ 28ರಿಂದ 18ಕ್ಕೆ ಇಳಿಯಿತು. ಅದೇ ಸಮಾಧಾನ.

ಕೆಲಸದವರ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಸ್ವಂತ ವಾಸದ ಮನೆ 50 ಲಕ್ಷದೊಳಗಿದ್ದರೆ ಕಟ್ಟಡ ಕಾರ್ಮಿಕರ ಸೆಸ್ (ಅವರ ಕಲ್ಯಾಣಕ್ಕೆ ಕಟ್ಟಿಸುವವರು ಕೊಡುವ ಸುಂಕ) ಇಲ್ಲ. ಮೊದಲು ಆ ಮಿತಿ 10 ಲಕ್ಷ ಇತ್ತು. ಹೋಂಸ್ಟೇಗೆ ಈ ವಿನಾಯಿತಿ ಅಂದುಕೊಳ್ಳಬೇಡಿ. ಮನೆಯಿಂದ ಕೆಲಸಕ್ಕೆ ಬರುವಾಗ, ಹೋಗುವಾಗ ಆಗುವ ಅಪಘಾತವೂ ಈಗ ಪರಿಹಾರದ ಲೆಕ್ಕಕ್ಕೆ ಬರಬಹುದು. ತೋಟದ ಆಳುಗಳನ್ನೇ ಜೀಪಿನಲ್ಲಿ ತುಂಬಿಸಿಕೊಂಡು ಹೋಗಿ ಮಣ್ಣು ಹೊರಿಸುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಏನಾದರೂ ಆದರೆ ಹೊಣೆ ನಮ್ಮ ತಲೆಗೇ. ಅವರಿಗೆ ಬೇರೆ ಪಾಲಿಸಿ ಮಾಡಿಸಿ.

ದೇವರ ದಯೆಯಿಂದ ಹಾಗೆ ಆಗುವುದು ಬೇಡ, ಆದರೆ ಏನಾದರೂ ಕುಸಿದರೆ ಮಣ್ಣು ಎತ್ತುವ ಮೊದಲು ಫೋಟೋ ತೆಗೆದು ಅದೇ ದಿನ ಕಂಪನಿಗೆ ತಿಳಿಸಿ. 2024ರ ನಿಯಮದ ಪ್ರಕಾರ 24 ಗಂಟೆಯಲ್ಲಿ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ಕ್ಲೇಮ್ ತಳ್ಳಿದರೆ ಮೊದಲು ಕಂಪನಿಗೇ ಲಿಖಿತ ದೂರು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮೆಯ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು, 50 ಲಕ್ಷದವರೆಗಿನ ಕ್ಲೇಮಿಗೆ. ಶುಲ್ಕ ಇಲ್ಲ, ವಕೀಲರೂ ಬೇಡ.

ಈ ವಾರ ಮಳೆ ಬಿಟ್ಟಾಗ ಬರೆಯ ಒಂದು ಫೋಟೋ ಹಾಕಿ ಅಣ್ಣ, ಮೇಲಿಂದ ಒಂದು, ಕೆಳಗಿಂದ ಒಂದು. ಬರೆಯ ಮೇಲೆ ಸಿಲ್ವರ್ ಮರ (ಕಾಫಿ ತೋಟದ ನೆರಳಿನ ಮರ) ಬಿಟ್ಟಿದ್ದೀರಾ, ಕಡಿಸಿದ್ದೀರಾ ಅದೂ ಹೇಳಿ.