ಮನೆಯಲ್ಲೇ ಬಿಪಿ ನೋಡುವ ಯಂತ್ರಕ್ಕೆ ಮೊದಲ ದುಡ್ಡು ಎಲ್ಲಿಂದ?

ನಮಸ್ಕಾರ. ಬಿಪಿ ಅಳೆದು ಅಂಕಿಯನ್ನು ನೇರ ಡಾಕ್ಟರ ಫೋನಿಗೆ ಕಳಿಸುವ ಯಂತ್ರದ ಮಾದರಿ ರೆಡಿ ಇದೆ, ಕಂಪನಿಯ ಪಾಲು ಬಿಟ್ಟುಕೊಡದೆ ದುಡ್ಡು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಮೊದಲು ಬೈರಾಕ್‌ನ (ಬಯೋಟೆಕ್ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ) ಬಿಗ್ ಅನ್ನೋ ಅನುದಾನ ನೋಡಿ. 50 ಲಕ್ಷದವರೆಗೆ ಕೊಡ್ತಾರೆ, 18 ತಿಂಗಳ ಅವಧಿ, ಪಾಲು ಕೇಳುವುದಿಲ್ಲ. ಈ ಅನುದಾನ ನಡೆಸೋದರಲ್ಲಿ ಬೈರಾಕ್ ಜೊತೆ ಕೈಜೋಡಿಸಿರುವ ಸಂಸ್ಥೆಗಳಲ್ಲಿ ಬೆಂಗಳೂರಿನ ಸಿ-ಕ್ಯಾಂಪ್ ಒಂದು. ಹೊಸ ಕಂಪನಿಗಳಿಗೆ ರಾಜ್ಯ ಸರ್ಕಾರ ಕೊಡುವ ಎಲಿವೇಟ್ ಅನ್ನೋ ಅನುದಾನ ಕೂಡ ಇದೆ.

ಆದರೆ ಅರ್ಜಿಯಲ್ಲಿ ಅಂಕಿ ಕಳಿಸುವ ಆ್ಯಪ್ ಬಗ್ಗೆ ಪುಟಗಟ್ಟಲೆ ಬರೆಯಬೇಡಿ. ಅಂಕಿ ಕಳಿಸುವುದು ಈಗ ದೊಡ್ಡ ವಿಷಯವೇ ಅಲ್ಲ, ಆ ಅಂಕಿ ಸರಿ ಇದೆಯಾ ಅನ್ನೋದೇ ಮುಖ್ಯ. ದಪ್ಪ ತೋಳಿಗೆ ಯಂತ್ರದ ಚಿಕ್ಕ ಪಟ್ಟಿ (ಕಫ್) ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ದೂರದಲ್ಲಿ ಕೂತ ಡಾಕ್ಟರಿಗೆ ಪಟ್ಟಿ ಕಾಣುವುದಿಲ್ಲ, ಅಂಕಿ ನಂಬಿ ಮಾತ್ರೆ ಏರಿಸಿಬಿಡಬಹುದು. ಅದಕ್ಕೇ ಬಿಪಿ ಯಂತ್ರದ ಅಂಕಿ ಸರಿ ಇದೆಯಾ ಅಂತ ನೋಡುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 81060-2ರ ಪರೀಕ್ಷೆಗೆ ಬಜೆಟ್‌ನಲ್ಲಿ ಮೊದಲೇ ಜಾಗ ಇಡಿ. ಕನಿಷ್ಠ 85 ಜನ ಬೇಕು, ಒಬ್ಬೊಬ್ಬರಿಗೂ ನುರಿತವರು ಸ್ಟೆತಸ್ಕೋಪ್ ಇಟ್ಟು ಅಳೆದು ನಿಮ್ಮ ಯಂತ್ರದ ಜೊತೆ ಹೋಲಿಸಬೇಕು, ಜನರ ಮೇಲಿನ ಪರೀಕ್ಷೆ ಸರಿಯಾಗಿ ನಡೆಯುತ್ತಾ ಅಂತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಬೇಕು. ಮಾರೋಕೆ ಲೈಸೆನ್ಸ್ ಬೇರೆ.

ಇನ್ನೊಂದು. ನಮ್ಮಲ್ಲಿ ಹೆಚ್ಚಿನ ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತದೆ, ಮನೆಯಲ್ಲಿ ತಿಂಗಳು ತಿಂಗಳು ನೋಡಿಕೊಳ್ಳುವುದಕ್ಕಲ್ಲ. ಅನುದಾನ ಮುಗಿದ ಮೇಲೆ ಖರ್ಚು ಮನೆಯವರ ಮೇಲೇ ಬೀಳುತ್ತೆ ಅಲ್ವಾ? ಅವರಿಗೆ ತಿಂಗಳಿಗೆ ಎಷ್ಟು ಬೀಳುತ್ತೆ ಅಂತ ಅರ್ಜಿಯಲ್ಲೇ ನೇರವಾಗಿ ಬರೆಯಿರಿ. ಅಂದಹಾಗೆ, ಕಂಪನಿ ಕರ್ನಾಟಕದಲ್ಲೇ ನೋಂದಣಿ ಆಗಿದೆಯಾ? ಎಲಿವೇಟ್‌ಗೆ ಅದು ಬೇಕು.