ಫ್ರಿಜ್ ಮೇಲಿನ ಹತ್ತು ವರ್ಷದ ಚೀಟಿ

ಆಪ್ತಸಲಹೆಗಾರ್ತಿಯಾದ ನನಗೆ ಆ ಮನೆಯ ಮಗ ತನ್ನ ತಾಯಿಯ ಬಗ್ಗೆ ಫೋನಿನಲ್ಲಿ ಹೇಳಿದ್ದು ಇಷ್ಟು: "ಆಯಿಗೆ ಮರೆವು ಶುರುವಾಗಿದೆ, ಸಿಟ್ಟೂ ಜಾಸ್ತಿ. ಸೊಸೆ ಹೊಟ್ಟೆಗೆ ಹಾಕೋದಿಲ್ಲ ಅಂತ ನೆರೆಮನೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ." ಶಿರಸಿಯ ಹತ್ತಿರದ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಭೇಟಿಯನ್ನು ನಾನೇ ಹಾಳು ಮಾಡಿಕೊಂಡೆ. ಸೊಸೆ ಅತ್ತೆಯ ಪಕ್ಕ ಕೂರದೆ ಬಾಗಿಲ ಹತ್ತಿರದ ಕುರ್ಚಿ ಹಿಡಿದರು. ನನಗೆ ಅಷ್ಟೇ ಸಾಕಾಯಿತು, ಇದು ಅತ್ತೆ-ಸೊಸೆ ಜಗಳ ಅಂದುಕೊಂಡೆ. ಮುಕ್ಕಾಲು ಗಂಟೆ ಯಾರು ಯಾರಿಗೆ ಏನಂದರು ಎನ್ನುವುದರಲ್ಲೇ ಹೋಯಿತು. ಹೊರಡುವಾಗ ಆಯಿ ಎದ್ದು ನಿಲ್ಲಲು ಹೋದರು. ಆಗಲಿಲ್ಲ. ಎರಡನೇ ಸಲ ಮಗ ರಟ್ಟೆ ಹಿಡಿದು ಎಬ್ಬಿಸಿದರು. ಆಗ ಅವರ ಕೈ ಕಂಡಿತು. ಚಿನ್ನದ ಬಳೆ ಜಾರಿ ಬೀಳದಿರಲಿ ಅಂತ ಅದಕ್ಕೆ ದಪ್ಪಗೆ ದಾರ ಸುತ್ತಿದ್ದರು.

"ಯಾವಾಗಿಂದ ಹೀಗೆ ಸಣ್ಣ ಆದಿರಿ?" ಅಂತ ಕೇಳಿದೆ.

"ವಯಸ್ಸಾತು ತಂಗಿ, ಇನ್ನೆಂತ" ಅಂದರು.

ಮುಂದಿನ ವಾರ ಹಳೆಯ ವೈದ್ಯಕೀಯ ಕಾಗದಗಳನ್ನೆಲ್ಲ ತರಲು ಹೇಳಿದ್ದೆ. ಸೊಸೆ ಅದರ ಜೊತೆ ಫ್ರಿಜ್ ಮೇಲೆ ಅಂಟಿಸಿದ್ದ ಪಥ್ಯದ ಚೀಟಿಯನ್ನೂ ಕಿತ್ತು ತಂದರು. ಅಂಚೆಲ್ಲ ಹಳದಿಯಾಗಿತ್ತು. ಸಕ್ಕರೆ ಕಾಯಿಲೆ ಗೊತ್ತಾದಾಗ ಕೊಟ್ಟದ್ದು. ಆಗ ಆಯಿಗೆ 61 ವರ್ಷ, 64 ಕೆ.ಜಿ. ಅನ್ನ ಒಂದು ಸೌಟು, ಹಾಲು ಅರ್ಧ ಲೋಟ, ಶೇಂಗಾ ಬೇಡ, ಬಾಳೆಹಣ್ಣು ಬೇಡ, ಕಾಯಿ ಬೇಡ. ಕೆಳಗೆ ಸೊಸೆಯದೇ ಅಕ್ಷರ: "ಮೊಸರು ಬೇಡ, ನೀರು ಮಜ್ಜಿಗೆ." ಅವತ್ತು ನಮ್ಮ ತಕ್ಕಡಿ 47.5 ತೋರಿಸಿತು. ಹಿಂದಿನ ವರ್ಷದ ಲ್ಯಾಬ್ ಚೀಟಿಯಲ್ಲಿ 52 ಇತ್ತು. ಬೇಕಂತ ಇಳಿಸದೆ ಆರು ತಿಂಗಳು, ವರ್ಷದೊಳಗೆ ತೂಕ ನೂರಕ್ಕೆ 5ರಷ್ಟು ಇಳಿದರೆ ಸುಮ್ನೆ ಬಿಡಬಾರದು. ಇಲ್ಲಿ 8 ದಾಟಿತ್ತು.

ಆ ಚೀಟಿ ಬರೆದಾಗ ತಪ್ಪಿರಲಿಲ್ಲ. 61ರ ದಪ್ಪಗಿದ್ದ ಹೆಂಗಸಿಗೆ ಜಾಸ್ತಿ ತಿನ್ನುವುದೇ ಅಪಾಯ. ಎಪ್ಪತ್ತು ದಾಟಿ ಸೊರಗುತ್ತಿರುವವರಿಗೆ ಕಡಿಮೆ ತಿನ್ನುವುದು ಅದಕ್ಕಿಂತ ದೊಡ್ಡ ಅಪಾಯ. ಆಯಿಯ ದೇಹ ಬದಲಾಗಿತ್ತು, ಚೀಟಿ ಬದಲಾಗಿರಲಿಲ್ಲ.

ಹಿಂದಿನ ದಿನ ತಿಂದದ್ದನ್ನು ಆಯಿ ಬೆರಳು ಮಡಚಿ ಲೆಕ್ಕ ಹೇಳಿದರು. ಬೆಳಿಗ್ಗೆ ಒಂದು ತೆಳ್ಳೇವು, ಅಂದರೆ ತೆಳು ದೋಸೆ. ಮಧ್ಯಾಹ್ನ ಒಂದು ಸೌಟು ಅನ್ನ, ತಂಬುಳಿ, ಚೂರು ಪಲ್ಯ. ಸಂಜೆ ಸಪ್ಪೆ ಚಹಾ, ಎರಡು ಬಿಸ್ಕತ್ತು. ರಾತ್ರಿ ಒಂದೂವರೆ ಚಪಾತಿ, ಮಜ್ಜಿಗೆ. ಎಷ್ಟು ಕೂಡಿಸಿದರೂ ಪ್ರೋಟೀನ್ 25 ಗ್ರಾಂ ದಾಟಲಿಲ್ಲ. ವಯಸ್ಸಾದವರಿಗೆ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಬೇಕು, ಅಂದರೆ ಇವರಿಗೆ ಸುಮಾರು 50. ಬೇಕಾದ್ದರ ಅರ್ಧವೂ ಸಿಗದಿದ್ದಾಗ ದೇಹ ತೊಡೆಯ ಮಾಂಸವನ್ನೇ ಕರಗಿಸಿಕೊಳ್ಳುತ್ತದೆ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ಕುಂದಿದೆ ಅಂತ ಲೆಕ್ಕ. ಆಯಿಗೆ ಒಂದು ಸಲವೂ ಆಗಲಿಲ್ಲ. ಹಿಂದಿನ ಮಾರಿಕಾಂಬಾ ಜಾತ್ರೆಯಲ್ಲಿ ಜಾತ್ರೆಯ ಬಯಲು ಬಿಡಕಿಬೈಲನ್ನು ಪೂರ್ತಿ ನಡೆದು ಸುತ್ತಿದವರು ಇವರು.

"ಚಪಾತಿ ಯಾಕೆ ಒಂದೂವರೆ?" ಅಂದೆ. ಸೆರಗಿನ ಗಂಟು ಬಿಚ್ಚಿ ಹಲ್ಲಿನ ಸೆಟ್ ತೋರಿಸಿದರು. ತೂಕ ಇಳಿದು ವಸಡು ಬಡವಾಗಿ ಅದು ಅಲುಗಾಡುತ್ತಿತ್ತು. ತಿನ್ನುವಾಗ ತೆಗೆದಿಡುತ್ತಿದ್ದರಂತೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೊಸೆಯ ಜೊತೆ ಬೇರೆಯಾಗಿ ಮಾತಾಡಿದೆ. ಅವರ ಅಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು. ಹೆಬ್ಬೆರಳಿನ ಹುಣ್ಣು ವಾಸಿಯಾಗದೆ ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯಿತು. "ದಿನಾ ಡ್ರೆಸಿಂಗ್ ಮಾಡಿದ್ದು ನಾನೇ. ಅತ್ತೆ ಬಾಳೆಹಣ್ಣು ಮುಟ್ಟಿದರೆ ನಂಗೆ ಆ ವಾಸನೆ ಬರ್ತದೆ" ಅಂದರು. ಹತ್ತು ವರ್ಷ ಒಂದು ದಿನವೂ ತಪ್ಪದೆ ಪಥ್ಯ ಮಾಡಿಸಿದ್ದಾರೆ. ಅದಕ್ಕೆ ಸಿಕ್ಕ ಹೆಸರು, ಹೊಟ್ಟೆಗೆ ಹಾಕದ ಸೊಸೆ. ಬಾಗಿಲ ಹತ್ತಿರ ಕೂತದ್ದು ಯಾಕೆ ಅಂತ ನನಗೆ ಆಗ ಗೊತ್ತಾಯಿತು.

ನಾನು ಆಪ್ತಸಲಹೆಗಾರ್ತಿ, ಡಾಕ್ಟರಲ್ಲ. ಹಾಗಾಗಿ ಮೊದಲ ಸಲಹೆ, ಡಾಕ್ಟರ ಹತ್ತಿರ ಹೋಗಿ ಅಂತ. ಕೇಳಬೇಕಾದ್ದನ್ನು ಬರೆದೇ ಕೊಟ್ಟೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನಡೆದಿದೆ, ವಿಟಮಿನ್ ಬಿ12 ನೋಡಬೇಕಾ? ಆ ಮಾತ್ರೆ ದೀರ್ಘಕಾಲ ತೆಗೆದುಕೊಂಡರೆ ಬಿ12 ಕಡಿಮೆಯಾಗುವುದು ಗೊತ್ತಿರುವ ವಿಷಯ. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಹಾಲು, ಮೊಸರಿನಿಂದ. ಇಲ್ಲಿ ಅದಕ್ಕೂ ಕತ್ತರಿ ಬಿದ್ದಿತ್ತು. ಮರೆವು, ಸಿಟ್ಟು, ಪಾದದ ಜೋಮು ಅದರಿಂದಲೂ ಬರಬಹುದು. ತೂಕ ಇಷ್ಟು ಇಳಿದ ಮೇಲೂ ಸಕ್ಕರೆ ಮಾತ್ರೆ ಅಷ್ಟೇ ಬೇಕಾ? ಬೆಳಗಿನ ತಲೆಸುತ್ತು ಸಕ್ಕರೆ ಇಳಿದದ್ದಾ? ಪ್ರೋಟೀನ್ ಹೆಚ್ಚಿಸಲು ಕಿಡ್ನಿ ಸರಿ ಇದೆಯಾ? ಆಮೇಲೆ ಹಲ್ಲಿನ ಡಾಕ್ಟರು.

ಕಿಡ್ನಿ ಸರಿ ಇದೆ ಅಂತಾದ ಮೇಲೆ ಅಡುಗೆಮನೆ ಮಾತಿಗೆ ಬಂದೆವು. ಹೊಸದೇನೂ ಬೇಡ, ಪ್ರೋಟೀನ್ ಡಬ್ಬಿಯಂತೂ ಬೇಡವೇ ಬೇಡ ಅಂದೆ. ನೀರು ಮಜ್ಜಿಗೆ ಬದಲು ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಲೋಟ ಹಾಲು. ಒಂದು ಹಿಡಿ ಹೆಸರುಬೇಳೆ ಮೆತ್ತಗೆ ಬೇಯಿಸಿ ತೊವ್ವೆ. ಹುರಿದ ಶೇಂಗಾ ಪುಡಿ ಎರಡು ಚಮಚ, ಪಲ್ಯದ ಮೇಲೆ. ಇಷ್ಟರಿಂದಲೇ 20 ಗ್ರಾಂ ಮೇಲೆ ಸಿಗುತ್ತದೆ. ತಂಬುಳಿ ಇರಲಿ, ಆದರೆ ಅದನ್ನು ಊಟ ಅಂತ ಎಣಿಸಬೇಡಿ. ಕುರ್ಚಿ ಹಿಡಿದು ಎದ್ದು ಕೂರುವುದು, ಊಟಕ್ಕೆ ಮುಂಚೆ ಐದೈದು ಸಲ. ಬರೀ ತಿಂದರೆ ಕಾಲಿಗೆ ಬಲ ಬರುವುದಿಲ್ಲ. ಮಳೆಗಾಲದ ಅಂಗಳದಲ್ಲಿ ಪಾಚಿ, ನಡಿಗೆ ಜಗಲಿಯಲ್ಲೇ ಸಾಕು.

ಇನ್ನೊಂದು, ಆಯಿಗೆ ಏಳೂವರೆಗೇ ಬಡಿಸಿ ಉಳಿದವರು ಒಂಬತ್ತಕ್ಕೆ ಕೂರುತ್ತಿದ್ದರು. ಅದು ಪಥ್ಯದ ತಟ್ಟೆ ಬೇರೆ ಅಂತ ಶುರುವಾದ ಕ್ರಮ. ಎಲ್ಲರೂ ಎಂಟಕ್ಕೆ ಒಟ್ಟಿಗೆ ಕೂರಿ ಅಂದೆ. ಇದಕ್ಕೆ ಒಪ್ಪಿಸಲು ಎರಡು ಭೇಟಿ ಹಿಡಿಯಿತು. ಅಡ್ಡಿಯಾಗಿದ್ದು ಮಗ, ಟಿವಿ ಬಿಟ್ಟು ಏಳಬೇಕಲ್ಲ.

ಬಿ12 ಕಡಿಮೆಯೇ ಇತ್ತು, ಇಂಜೆಕ್ಷನ್ ಶುರುವಾಯಿತು. ಡಾಕ್ಟರು ಒಂದು ಸಕ್ಕರೆ ಮಾತ್ರೆ ನಿಲ್ಲಿಸಿದರು, ತಲೆಸುತ್ತು ನಿಂತಿತು. ನಾಲ್ಕು ತಿಂಗಳಿಗೆ ತೂಕ 49.5. ಕೈ ಊರದೆ ಮೂರು ಸಲ ಎದ್ದರು, ನಾಲ್ಕನೆಯದಕ್ಕೆ ನಕ್ಕು ಕೂತುಬಿಟ್ಟರು. ಪಾದದ ಜೋಮು ಹಾಗೇ ಇದೆ. ಮರೆವು ಸ್ವಲ್ಪ ಕಡಿಮೆ, ಪೂರ್ತಿ ಹೋಗಿಲ್ಲ. ಸೊಸೆ ಹೊಸ ಚೀಟಿ ಬರೆದು ಅಂಟಿಸಿದ್ದಾರೆ. ಮೇಲೆ ತಾರೀಖು, ತೂಕ, "ಆರು ತಿಂಗಳ ಮೇಲೆ ಮತ್ತೆ ಕೇಳುವುದು."

ಕೊನೆಯ ಸಲ ಹೊರಡುವಾಗ ಸೊಸೆ ನನ್ನನ್ನು ಬದಿಗೆ ಕರೆದು ಕೇಳಿದರು: "ಮೇಡಂ, ನೆರೆಮನೆಯವರಿಗೆ ಹೇಳಿದ್ದು ಹೇಳಿಯಾಯ್ತು. ಅದನ್ನ ಅತ್ತೆ ಹೋಗಿ ಸರಿ ಮಾಡ್ತಾರಾ?" ಅದರ ಬಗ್ಗೆ ಮುಂದಿನ ಸಲ ಮೂವರೂ ಕೂತು ಮಾತಾಡುವುದು ಅಂತ ಮಾಡಿದ್ದೇವೆ.